ಕೀಲಿ ಇಲ್ಲದ ಜೀಪಿನ ಮಾಮಾ

ಸಾಹೇಬರೊಬ್ಬರನ್ನು ಬಿಟ್ಟು ಕಚೇರಿಯವರೆಲ್ಲ ನಮ್ಮ ಡ್ರೈವರನ್ನು ಮಾಮಾ ಎಂದೇ ಕರೆಯುತ್ತಿದ್ದೆವು. ಹೆಸರು ಹಾಜರಿ ಪುಸ್ತಕದಲ್ಲಿತ್ತು, ಅಲ್ಲಿಯೇ ಇರಲಿ. ಹೋದ ವರ್ಷ ಸಿಂದಗಿ ಬಸ್ ಸ್ಟ್ಯಾಂಡಿನಲ್ಲಿ ಅವರ ಅಳಿಯ ಸಿಕ್ಕು, "ಮಾವನವರು ತೀರಿಕೊಂಡು ಎರಡು ತಿಂಗಳಾತ್ರಿ. ಎಂಬತ್ತು ದಾಟಿತ್ತು" ಎಂದ. ನನ್ನ ಮುಖ ಸಪ್ಪಗಾಗಬೇಕಿತ್ತು. ಆದರೆ ಆ ಕ್ಷಣಕ್ಕೆ ಕಣ್ಣ ಮುಂದೆ ಬಂದದ್ದು, ಹೂವಿನ ಹಿಪ್ಪರಗಿ ರಸ್ತೆಯ ನಡುವೆ ಒಂದು ಎಮ್ಮೆಯ ಎದುರು ಕೈಮುಗಿದು ನಿಂತ ಮಾಮಾ. ತಡೆಯಲಾಗದೆ ನಕ್ಕುಬಿಟ್ಟೆ. ಅಳಿಯ ಬೇಜಾರು ಮಾಡಿಕೊಳ್ಳಲಿಲ್ಲ. "ಎಲ್ಲಾರೂ ಹಿಂಗ ಮಾಡಾಕತ್ತಾರ್ರಿ. ಮಣ್ಣಿಗೆ ಬಂದವರೂ ನಕ್ಕೋತನ ಹೋದ್ರು" ಎಂದ.

ಆ ಎಮ್ಮೆಯ ವಿಷಯ ಇಷ್ಟೇ. ರಸ್ತೆಗೆ ದನ ಅಡ್ಡ ಬಂದರೆ ಮಾಮಾ ಹಾರ್ನ್ ಹೊಡೆಯುತ್ತಿರಲಿಲ್ಲ. ಜೀಪು ನಿಲ್ಲಿಸಿ, ಇಳಿದು, ಹತ್ತಿರ ಹೋಗಿ, "ತಂಗೀ, ಒಂದೀಟು ಸರಕೋ, ಸಾಹೇಬ್ರಿಗೆ ಹೊತ್ತಾಗೇತಿ" ಎಂದು ಬೇಡಿಕೊಳ್ಳುತ್ತಿದ್ದರು. "ಒದರಿದ್ರ ಅದಕ್ಕ ಸಿಟ್ಟು ಬರ್ತೈತ್ರಿ, ಹೇಳಿದ್ರ ತಿಳೀತೈತಿ" ಎಂಬುದು ಅವರ ವಾದ. ಈ ದಯೆಗೆ ನಾನು ವರ್ಷಗಟ್ಟಲೆ ತಲೆದೂಗಿದೆ. ಆಮೇಲೆ ಗೊತ್ತಾಯಿತು, ಜೀಪಿನ ಹಾರ್ನ್ ಕೆಟ್ಟು ಎಷ್ಟೋ ಕಾಲವಾಗಿತ್ತು.

ಎಪ್ಪತ್ತರ ದಶಕದ ಮಾತು. ನಾನು ಇಂಡಿ ಕಡೆಯವನು, ಬಸವನ ಬಾಗೇವಾಡಿಯ ಒಂದು ಸರ್ಕಾರಿ ಕಚೇರಿಯಲ್ಲಿ ಹೊಸದಾಗಿ ಕಾರಕೂನನಾಗಿ ಸೇರಿದ್ದೆ. ಹೊಲಗಳಿಗೆ, ಗುಡ್ಡಗಳಿಗೆ ಒಡ್ಡು ಹಾಕಿಸಿ ಮಣ್ಣು ಕೊಚ್ಚಿಹೋಗದಂತೆ ತಡೆಯುವುದು ನಮ್ಮ ಕಚೇರಿಯ ಕೆಲಸ. ಮಾಮಾ ಅಲ್ಲಿ ಡ್ರೈವರ್. ಒಂಬತ್ತು ವರ್ಷದಿಂದ ಹಂಗಾಮಿ. ಮೈಮೇಲೆ ಖಾಕಿ ಅಂಗಿ, ಕೆಳಗೆ ಮನೆಯ ಧೋತರ. ಯಾಕೆ ಮಾಮಾ ಈ ಅರ್ಧ ಡ್ರೆಸ್ಸು ಎಂದು ಕೇಳಿದರೆ, "ಅರ್ಧಾ ನೌಕರಿಗೆ ಅರ್ಧಾ ಡ್ರೆಸ್ ಸಾಕ್ರಿ. ಕಾಯಂ ಆದ ದಿನಾ ಪ್ಯಾಂಟ್ ಹಾಕ್ಕೊತೇನಿ" ಎನ್ನುತ್ತಿದ್ದರು. ನಗುತ್ತಲೇ ಹೇಳುವರು. ಆದರೆ ಊರಲ್ಲಿ ಮಗಳ ಮದುವೆ ಮಾತು ನಡೆದಿತ್ತು, ಬಂದ ಬೀಗರೆಲ್ಲ ಕೇಳುವ ಮೊದಲ ಪ್ರಶ್ನೆ, "ನೌಕರಿ ಕಾಯಮ್ಮೋ ಹಂಗಾಮಿನೋ?"

ಮುದ್ದೇಬಿಹಾಳದ ಕಡೆ ಹೋಗುವಾಗ ಒಂದು ಕಲ್ಲುಗುಡ್ಡ. ಅದರ ಮೇಲೆ ಆ ವರ್ಷ ಒಡ್ಡಿನ ಕೆಲಸ ನಡೆದಿತ್ತು. ಜೀಪಿನ ದಾರಿ ಗುಡ್ಡದ ಬುಡದ ಒಂದು ಬೇವಿನ ಗಿಡಕ್ಕೆ ಮುಗಿಯುತ್ತಿತ್ತು. ಅಲ್ಲಿಂದ ಮೇಲೆ ಅರ್ಧ ತಾಸಿನ ಕಾಲುದಾರಿ. ವಾರಕ್ಕೆರಡು ದಿನ ನಾವು ಮೂವರು ಹತ್ತುತ್ತಿದ್ದೆವು. ಮುಂದೆ ಸಾಹೇಬರು, ಕೊಡೆ ಹಿಡಿದು. ಅವರು ಮೈಸೂರು ಸೀಮೆಯವರು, ಗಿಡ್ಡಗೆ ದಪ್ಪಗಿದ್ದರು, ಕಲ್ಲಿನ ಮೇಲೆ ಕೂಡುತ್ತಿರಲಿಲ್ಲ. ಆದ್ದರಿಂದ ಹಿಂದೆ ಮಾಮಾ, ತಲೆಯ ಮೇಲೆ ಕುರ್ಚಿ ಹೊತ್ತು. ಕಡೆಗೆ ನಾನು, ನಕಾಶೆಗಳ ಸುರುಳಿ ಹಿಡಿದು. ಕೆಳಗೆ ಜೀಪು ಒಂದೇ ಉಳಿಯುತ್ತಿತ್ತು. ಅದಕ್ಕೆ ಬಾಗಿಲೆಂದರೆ ತಾಡಪತ್ರಿಯ ತುಂಡು, ಕೀಲಿಯ ಮಾತೇ ಇಲ್ಲ.

ಮೊದಲು ಹೋದದ್ದು ನೀರಿನ ಹೂಜಿ. ಮುಂದಿನ ವಾರ ನನ್ನ ಬುತ್ತಿ ಡಬ್ಬಿ. ಅವ್ವ ಇಂಡಿಯಿಂದ ಕಳಿಸಿದ ಶೇಂಗಾ ಚಟ್ನಿ, ನಾಲ್ಕು ರೊಟ್ಟಿ, ಡಬ್ಬಿ ಸಮೇತ ಮಾಯ. ಆಮೇಲೆ ಗಾಲಿಗೆ ಗಾಳಿ ಹೊಡೆಯುವ ಪಂಪು. ಆಮೇಲೆ ಮಾಮಾ ಕೂಡುವ ದಿಂಬು. ದಿಂಬಿಲ್ಲದ ಕಬ್ಬಿಣದ ಮೇಲೆ ಕೂತು ಬಾಗೇವಾಡಿ ತಲುಪಿದ ಮಾಮಾ ಮೂರು ದಿನ ನಿಂತೇ ಊಟ ಮಾಡಿದರು.

ಪ್ರತಿ ಸಲವೂ ಕೆಳಗಿಳಿದ ಮೇಲೆ ಸಾಹೇಬರು ಗಿಡದ ಕೆಳಗೆ ನಿಂತು, "ಕಳ್ಳ! ಕಳ್ಳ!" ಎಂದು ಸುತ್ತಲಿನ ಬಯಲಿಗೆಲ್ಲ ಕೇಳುವಂತೆ ಕೂಗುವರು. ಬಯಲಿನಲ್ಲಿ ನಾಲ್ಕಾರು ಆಡುಗಳ ಹೊರತು ಯಾರೂ ಇರುತ್ತಿರಲಿಲ್ಲ. ದಿಂಬು ಹೋದ ದಿನ ಅವರು ಪೊಲೀಸರಿಗೆ ದೂರು ಬರೆಯಲು ನನಗೆ ಹೇಳಿ, ಮಾಮಾನ ಕಡೆ ತಿರುಗಿ, "ನೋಡಯ್ಯಾ, ನಿನ್ನನ್ನು ಕಾಯಂ ಮಾಡುವ ವಿಚಾರ ಮೇಲಿನ ಕಚೇರಿಗೆ ಹೋಗಬೇಕು. ಒಂದು ಜೀಪು ಕಾಯೋಕಾಗದೋನನ್ನ ಏನಂತ ಬರೆಯಲಿ ನಾನು? ಏನಾದರೂ ವ್ಯವಸ್ಥೆ ಮಾಡು" ಎಂದರು.

ಕುರ್ಚಿ ಹೊತ್ತು ಗುಡ್ಡ ಹತ್ತುವವನು ಜೀಪು ಹೇಗೆ ಕಾಯಬೇಕು ಎಂದು ಮಾಮಾ ಕೇಳಲಿಲ್ಲ. "ಅದಕ್ಕೊಂದು ಉಪಾಯ ಐತ್ರಿ ಸರ" ಎಂದರು. ಈ ಮಾತು ಅವರ ಬಾಯಿಂದ ಬಂತೆಂದರೆ ನಮಗೆಲ್ಲ ಎದೆ ಝಲ್ಲೆನ್ನುತ್ತಿತ್ತು.

ಮೊದಲ ಉಪಾಯ, ಒಂದು ದೊಡ್ಡ ಕೀಲಿ. ತಾಡಪತ್ರಿಗೆ ಎರಡು ತೂತು ಕೊರೆದು, ಸರಪಳಿ ಹಾಯಿಸಿ, ಗೋಡೌನಿಗೆ ಹಾಕುವಂಥ ಕೀಲಿ ಜಡಿದರು. ಅವತ್ತು ಏನೂ ಹೋಗಲಿಲ್ಲ, ಹೋಗಲು ಏನೂ ಉಳಿದಿರಲೂ ಇಲ್ಲ. ಆದರೆ ಗುಡ್ಡದ ಮೇಲೆಲ್ಲೋ ಕೀಲಿಕೈ ಬಿದ್ದುಹೋಯಿತು. ಮೂವರೂ ಜೀಪಿನ ಹಿಂಬದಿಯಿಂದ ನುಸುಳಿ ಒಳಗೆ ಹೋದೆವು. ಅವತ್ತೇ ಹೂವಿನ ಹಿಪ್ಪರಗಿಯಲ್ಲಿ ಊರ ಹಿರಿಯರು ಹಾರ ಹಿಡಿದು ಕಾಯುತ್ತಿದ್ದರು. ಅವರ ಮುಂದೆ ಜೀಪು ನಿಂತಿತು, ನಾವಿಬ್ಬರು ಹಿಂಬದಿಯಿಂದ ಜಿಗಿದ ಮೇಲೆ ಸಾಹೇಬರ ಎರಡು ಬೂಟು ಬಂದವು, ಆಮೇಲೆ ಬಹಳ ಹೊತ್ತು ಏನೂ ಬರಲಿಲ್ಲ. ಕಡೆಗೆ ಮಾಮಾ ಒಂದು ಕಾಲು, ಊರ ಹಿರಿಯರೊಬ್ಬರು ಇನ್ನೊಂದು ಕಾಲು ಹಿಡಿದು ಎಳೆದರು. ಹಾರವನ್ನು ಯಾವ ಕಡೆಯಿಂದ ಹಾಕಬೇಕೆಂದು ತಿಳಿಯದೆ ಜನ ಸ್ವಲ್ಪ ಗೊಂದಲಪಟ್ಟರು.

ಎರಡನೆಯ ಉಪಾಯ, ಒಂದು ಫಲಕ. "ಒಳಗೆ ಹಾವು ಐತಿ" ಎಂದು ನನ್ನ ಕೈಯಲ್ಲೇ ಬರೆಸಿ ಜೀಪಿಗೆ ತೂಗುಹಾಕಿದರು. ನಾವು ಗುಡ್ಡ ಇಳಿದು ಬಂದಾಗ ಜೀಪಿನ ಮುಂಭಾಗಕ್ಕೆ ಅರಿಶಿನ, ಕುಂಕುಮ ಏರಿತ್ತು. ಯಾರೋ ಓದು ಬಲ್ಲವರು ಓದಿ ಹೇಳಿರಬೇಕು, ಹೊಲಕ್ಕೆ ಹೋಗುವ ಹೆಣ್ಣುಮಕ್ಕಳು ಕೈಮುಗಿದು ಹೋಗಿದ್ದರು. ಅಷ್ಟೇ ಆಗಿದ್ದರೆ ಸರಿ, ಸೀಟಿನ ಮೇಲೆ ಒಂದು ಬಟ್ಟಲು ಹಾಲೂ ಇಟ್ಟಿದ್ದರು. ಸಾಹೇಬರು ನೋಡದೆ ಕೂತರು.

ಮೂರನೆಯ ಉಪಾಯ ಹೇಳುವ ಮುಂಚೆ ಮಾಮಾ ಕಚೇರಿಯ ಹಿಂದಕ್ಕೆ ನನ್ನನ್ನು ಕರೆದೊಯ್ದರು. ಅಲ್ಲಿ ಗೋಣಿಚೀಲಕ್ಕೆ ಹುಲ್ಲು ತುಂಬಿ, ಮೇಲೆ ಒಂದು ಗಡಿಗೆ ಕೂಡ್ರಿಸಿ, ಗಡಿಗೆಗೆ ರುಮಾಲು ಸುತ್ತಿ, ಕಪ್ಪು ಕನ್ನಡಕ ಹಾಕಿ ಇಟ್ಟಿದ್ದರು. ಮೈಮೇಲೆ ಬೂದುಬಣ್ಣದ ಕೋಟು.  ಅದು ಸಾಹೇಬರ ಕೋಟು. ಮೇಲಧಿಕಾರಿಗಳು ಬಂದಾಗ ಮಾತ್ರ ಹಾಕುತ್ತಿದ್ದರು, ಉಳಿದ ದಿನ ಕಚೇರಿಯ ಗೂಟಕ್ಕೆ ತೂಗುತ್ತಿತ್ತು.

"ಮಾಮಾ, ಇದೇನ್ರಿ?"

"ಸಾಹೇಬ್ರರೀ. ಜೀಪಿನಾಗ ಸಾಹೇಬ್ರು ಕುಂತಿದ್ರ ಯಾವ ಕಳ್ಳ ಬಂದಾನು?"

"ಖರೇ ಸಾಹೇಬ್ರು ನೋಡಿದ್ರ?"

"ಅವರು ಮುಂದ ಹೋಗ್ತಾರಲ್ರೀ. ಅವರು ಮರೀ ಆದಮ್ಯಾಲ ಚೀಲದಿಂದ ತಗದು ಕೂಡ್ರಿಸ್ತೇನಿ. ಬರೂ ಮುಂದ ನಾ ಮೊದಲ ಓಡಿ ಬಂದು ತಗೀತೇನಿ. ನೀವು ಸುಮ್ಮಕಿರ್ರಿ ಕಾರಕೂನ ಸಾಹೇಬ್ರ, ಅಷ್ಟ ಸಾಕು."

ನಾನು ಸುಮ್ಮನಿದ್ದೆ. ಅಂದು ಕೆಳಗಿಳಿಯುವಾಗ ಮಾಮಾ ಕುರ್ಚಿ ಹೊತ್ತುಕೊಂಡೇ ಓಡಿದರು. ನಾನು ಹಿಂದೆ ಓಡಿದೆ. ಜೀಪಿನಿಂದ ಏನೂ ಹೋಗಿರಲಿಲ್ಲ. ಬದಲಿಗೆ ಹುಲ್ಲಿನ ಸಾಹೇಬರ ತೊಡೆಯ ಮೇಲೆ ಮಡಚಿಟ್ಟ ಐದಾರು ಕಾಗದ. ಅರ್ಜಿಗಳು! ಜನ ಬಂದು ಕೊಟ್ಟು ಹೋಗಿದ್ದರು. ಗಿಡದ ನೆರಳಲ್ಲಿ ಇನ್ನೂ ಕೂತಿದ್ದ ಒಬ್ಬ ರೈತ ಎದ್ದು ಬಂದು, "ಈ ಸಾಹೇಬ್ರು ಭಾಳ ಚಲೋ ಅದಾರ ನೋಡ್ರಿ. ಅರ್ಧಾ ತಾಸು ಹೇಳಿದೆ, ನಡುವ ಒಂದು ಮಾತು ಆಡಲಿಲ್ಲ. ಎಲ್ಲಾ ಕೇಳಿಕೊಂಡ್ರು" ಎಂದು ಬೊಂಬೆಗೆ ನಮಸ್ಕಾರ ಮಾಡಿ ಹೋದ.

ನಾನು ಹೊಟ್ಟೆ ಹಿಡಿದು ನಕ್ಕೆ. ಮಾಮಾ ನಗಲಿಲ್ಲ. ಅರ್ಜಿಗಳನ್ನು ಒಂದೊಂದಾಗಿ ಎತ್ತಿ, ಟವಲಿನಲ್ಲಿ ಕಟ್ಟಿ, ಸಂಜೆ ಕಚೇರಿಯಲ್ಲಿ ನನ್ನ ಮೇಜಿನ ಮೇಲಿಟ್ಟರು.

"ಇವನ್ನ ಓದಿ ಸಾಹೇಬ್ರ ಮುಂದ ಇಡ್ರಿ."

"ಬೊಂಬಿಗೆ ಕೊಟ್ಟ ಅರ್ಜಿ ಏನ ಇಡೂದು ಮಾಮಾ? ಯಾರು ಇಸಕೊಂಡ್ರು ಅಂದ್ರ ಏನಂತ ಹೇಳ್ಲಿ?"

"ಬೊಂಬಿ ನಾವು ಮಾಡಿದ್ದರೀ. ಕೊಟ್ಟವರು ಖರೇ ಅಂತ ತಿಳಿದು ಕೊಟ್ಟಾರ."

ಅವರ ಮಾತಿಗೆ ಹೂಂ ಅಂದೆ. ಟವಲಿನ ಗಂಟನ್ನು ಹಾಗೇ ಕಪಾಟಿನ ಕೆಳಗಿನ ಅರೆಗೆ ತಳ್ಳಿದೆ. ಮುಂದಿನ ಎರಡು ವಾರವೂ ಅರ್ಜಿಗಳು ಬಂದವು, ಹಾಗೇ ಕಪಾಟು ಸೇರಿದವು. ಓದಲಿಲ್ಲ. ಈ ತಪ್ಪು ನನ್ನದೇ, ಇಲ್ಲಿ ಒಪ್ಪಿಕೊಂಡುಬಿಡುತ್ತೇನೆ.

ಮೂರನೆಯ ವಾರದ ಕಡೆಯ ದಿನ ನಾವು ಓಡಿಬಂದು ನೋಡಿದರೆ, ಸಾಹೇಬರು ಬರೀ ಹುಲ್ಲಾಗಿ ಕೂತಿದ್ದರು. ರುಮಾಲಿತ್ತು, ಕನ್ನಡಕವಿತ್ತು. ಕೋಟಿರಲಿಲ್ಲ.

ಮಾಮಾ ಬೇವಿನ ಗಿಡಕ್ಕೆ ಒರಗಿ ನಿಂತರು. ಅವರ ಬಾಯಿಂದ ಉಪಾಯದ ಮಾತು ಬರದ ದಿನ ನಾನು ನೋಡಿದ್ದು ಅದೊಂದೇ. ಕಚೇರಿಗೆ ಬಂದ ಮೇಲೆ ಸಾಹೇಬರು ಗೂಟ ನೋಡಿ, "ನನ್ನ ಕೋಟೆಲ್ಲಿ?" ಎಂದರು. "ಅಗಸರ ಕಡೆ ಒಗೀಲಿಕ್ಕೆ ಕೊಟ್ಟೇನ್ರಿ" ಎಂದರು ಮಾಮಾ. ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ, ಹೇಳುವಾಗ ಗೂಟಕ್ಕೇ ಮುಖ ಮಾಡಿ ಹೇಳಿದರು.

ನಾಲ್ಕು ದಿನ ಕಳೆದವು. ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಒಬ್ಬ ಪೊಲೀಸಪ್ಪ ನಮ್ಮ ಕಚೇರಿಗೆ ಬಂದ. ಅವನ ಮುಂದೆ ಒಬ್ಬ ಮುದುಕ. ಕೆಳಗೆ ಮೊಣಕಾಲಿನ ಧೋತರ, ತಲೆಗೆ ಪಟಗಾ, ನಡುವೆ ಬೂದುಬಣ್ಣದ ಕೋಟು. ಗುಂಡಿಗಳನ್ನೆಲ್ಲ ಸರಿಯಾಗಿ ಹಾಕಿಕೊಂಡಿದ್ದ.

"ಸಿಕ್ಕಾನ್ರಿ ಸಾಹೇಬ್ರ ನಿಮ್ಮ ಜೀಪಿನ ಕಳ್ಳ" ಎಂದ ಪೊಲೀಸಪ್ಪ. "ಮುದ್ದೇಬಿಹಾಳ ಸಂತ್ಯಾಗ ಈ ಕೋಟು ಹಾಕ್ಕೊಂಡು ಆಡಿನ ವ್ಯಾಪಾರ ಮಾಡಾಕತ್ತಿದ್ದ. ಒಳಗಿನ ಕಿಸೇದಾಗ ನಿಮ್ಮ ಹೆಸರಿನ ಚೀಟಿ ಐತಿ. ಠಾಣೇಕ ಒಯ್ದು ನಾಕು ಬಿಟ್ರ ಉಳಿದದ್ದೂ ಕಕ್ತಾನ."

ಸಾಹೇಬರು ಎದ್ದು ನಿಂತರು. "ಇದು ಅಗಸನ ಹತ್ತಿರ ಇತ್ತಲ್ವಾ!"

ಮುದುಕನಿಗೆ ಯಾವುದೂ ಅರ್ಥವಾಗಲಿಲ್ಲ. "ನಾ ಕದ್ದಿಲ್ರೀ ಯಪ್ಪಾ. ನನ್ನ ಮುದುಕಿ ಮನ್ಯಾಗ ಇಟ್ಟಿದ್ಳು. ಮುಟ್ಟಬ್ಯಾಡ ಅಂದಿದ್ಳು. ಸಂತಿಗೆ ಹೋಗೂದಿತ್ತು, ಚಂದ ಕಾಣ್ತೈತಿ ಅಂತ ಹಾಕ್ಕೊಂಡೆ. ಅಷ್ಟ ತಪ್ಪು."

"ಮುದುಕೀನೂ ಕಳ್ಳೀನ ಹಂಗಾರ" ಎಂದ ಪೊಲೀಸಪ್ಪ, ಅವನ ರಟ್ಟೆ ಹಿಡಿದ.

ಆಗ ಬಾಗಿಲ ಹತ್ತಿರ ನಿಂತಿದ್ದ ಮಾಮಾ ಒಳಗೆ ಬಂದರು. ಅವರು ಸುಮ್ಮನಿದ್ದಿದ್ದರೆ ಎಲ್ಲವೂ ಮುದುಕನ ತಲೆಗೆ ಹೋಗಿ ಮುಗಿಯುತ್ತಿತ್ತು. ಕಾಯಂ ಮಾಡುವವರ ಪಟ್ಟಿ ಆ ತಿಂಗಳೇ ಹೋಗುವುದಿತ್ತು. ಇದೆಲ್ಲ ಅವರಿಗೆ ನನ್ನಷ್ಟೇ ಚೆನ್ನಾಗಿ ಗೊತ್ತಿತ್ತು.

"ಮುತ್ಯಾನ ಕೈ ಬಿಡ್ರಿ" ಎಂದರು. "ಸರ, ಅಗಸರ ಮಾತು ಸುಳ್ಳು. ಕೋಟು ಗೂಟದಿಂದ ತಗದವ ನಾನ. ಹುಲ್ಲಿನ ಬೊಂಬಿ ಮಾಡಿ, ನಿಮ್ಮ ಕೋಟು ಹಾಕಿ, ಜೀಪಿನಾಗ ಕೂಡ್ರಿಸಿದ್ದೆ. ನೀವ ಕುಂತಾಂಗ ಕಾಣಲಿ ಅಂತ. ಕಳವು ಅಂದ್ರ ಮೊದಲಿನ ಕಳವು ನಂದು. ನನ್ನ ಬರಕೋರಿ."

 ಸಾಹೇಬರ ಮುಖ ಕೆಂಪಾಗಿ, ಬಿಳಿಯಾಗಿ, ಮತ್ತೆ ಕೆಂಪಾಯಿತು. "ನಾನು... ಹುಲ್ಲಿನದು... ನನ್ನ ಹಾಗೆ ಕಾಣ್ತಿತ್ತಾ?"

"ನಿಮಗಿಂತ ಸ್ವಲ್ಪ ತೆಳ್ಳಗಿತ್ರಿ" ಎಂದರು ಮಾಮಾ, ಸತ್ಯಕ್ಕೆ ಕಟ್ಟುಬಿದ್ದವರಂತೆ.

ಅಷ್ಟರಲ್ಲಿ ಮುದುಕನ ಮುಖ ಅರಳಿತು. "ಆ ಸುಮ್ಮ ಕುಂದ್ರೂ ಸಾಹೇಬ್ರು? ಅವರಿಗೆ ನನ್ನ ಮುದುಕಿ ಅರ್ಜಿ ಕೊಟ್ಟಾಳಲ್ರೀ! ಸಾಲಿ ಮಾಸ್ತರ ಕಡೆ ಬರಸಿ, ಕೈಯಾಗ ಕೊಟ್ಟು ಬಂದಾಳ. ಎಲ್ಲಾ ಅದರಾಗ ಐತಿ. ಓದಿಲ್ಲೇನ್ರಿ?"

ಮಾಮಾ ನನ್ನ ಕಡೆ ನೋಡಿದರು.  ನಾನು ಎದ್ದು ಕಪಾಟಿನ ಕೆಳಗಿನ ಅರೆಯಿಂದ ಗಂಟು ತೆಗೆದೆ.  ಹನ್ನೊಂದು ಕಾಗದಗಳಲ್ಲಿ ನಾಲ್ಕನೆಯದು ಅದು. ಗಟ್ಟಿಯಾಗಿ ಓದಿದೆ:

"ಮಾನ್ಯ ಸಾಹೇಬರಿಗೆ, ಗುಡ್ಡದ ಕೆಳಗೆ ಆಡು ಕಾಯುವ ಮುದುಕಿ ಮಾಡುವ ವಿನಂತಿ. ತಮ್ಮ ಗಾಡಿಗೆ ಬಾಗಿಲಿಲ್ಲ, ಕಾಯುವವರೂ ಇಲ್ಲ. ಹೋಗಿ ಬರುವವರು ಯಾರಾದರೂ ಕದ್ದಾರೆಂದು ಅಂಜಿ ತಮ್ಮ ಸಾಮಾನು ನನ್ನ ಮನೆಯಲ್ಲಿ ತಂದಿಟ್ಟಿದ್ದೇನೆ. ಹೂಜಿ ಒಂದು, ಡಬ್ಬಿ ಒಂದು, ಗಾಳಿ ಪಂಪು ಒಂದು, ದಿಂಬು ಒಂದು. ನಮ್ಮ ಮನೆ ಸಣ್ಣದು. ದಿಂಬಿನ ಮೇಲೆ ಆಡಿನ ಮರಿಗಳು ಮಲಗಿ ಏಳಲು ಒಲ್ಲವು. ಬೇಗ ಬಂದು ಒಯ್ಯಬೇಕು. ಇನ್ನು ಮುಂದೆ ಗಾಡಿಯ ಹತ್ತಿರ ಯಾರನ್ನಾದರೂ ಬಿಟ್ಟು ಹೋಗಬೇಕು." ಕೆಳಗೆ ಹೆಬ್ಬೆಟ್ಟಿನ ಗುರುತು.

ಪೊಲೀಸಪ್ಪ ಮುದುಕನ ರಟ್ಟೆ ಬಿಟ್ಟ. ಬಿಟ್ಟು, ಕೋಟಿನ ತೋಳಿನ ಸುಕ್ಕನ್ನೂ ಸರಿಮಾಡಿದ.

ಎಲ್ಲರೂ ಅದೇ ಜೀಪಿನಲ್ಲಿ ಗುಡ್ಡದ ಕೆಳಗಿನ ಆ ಮನೆಗೆ ಹೋದೆವು. ಮುದುಕಿ ನಮ್ಮನ್ನು ಕಂಡು ಹೆದರಲಿಲ್ಲ, ಮೊದಲು ಗಂಡನ ಮೇಲೆ ಬಿದ್ದಳು. "ಮುಟ್ಟಬ್ಯಾಡ ಅಂದ್ರೂ ಹಾಕ್ಕೊಂಡು ಹ್ವಾದಿ? ಮಂದಿ ಕೋಟು!" ಆಮೇಲೆ ಕಂಬಳಿ ಹಾಸಿ ನಮ್ಮ ಸಾಮಾನು ಒಂದೊಂದೇ ತಂದಿಟ್ಟಳು. ಹೂಜಿ ತೊಳೆದಿಟ್ಟಿದ್ದಳು. ಡಬ್ಬಿ ಬೂದಿ ಹಾಕಿ ತಿಕ್ಕಿ ಫಳಫಳ ಹೊಳೆಯುತ್ತಿತ್ತು. ಹರಿದಿದ್ದ ದಿಂಬಿಗೆ ಕೌದಿಯ ದಾರದಲ್ಲಿ ಹೊಲಿಗೆ ಬಿದ್ದಿತ್ತು.

"ಆಯಿ, ನಮಗ ಹೇಳಬೇಕಿಲ್ಲೇನ?" ಎಂದೆ.

"ಹೇಳಾಕ ಬಂದಾಗೊಮ್ಮೆ ಈ ಯಪ್ಪ ಕಳ್ಳ ಕಳ್ಳ ಅಂತ ಒದರತಿದ್ದ. ಅಂಜಿ ಹೊಳ್ಳಿ ಹೋಗ್ತಿದ್ದೆ" ಎಂದು ಸಾಹೇಬರತ್ತ ಬೆರಳು ಮಾಡಿದಳು. "ಆಮ್ಯಾಲ ಒಬ್ಬ ಶಾಂತ ಸಾಹೇಬ ಕಂಡ. ಅರ್ಜಿ ಕೊಟ್ಟೆ. ವಾರ ಕಾದೆ, ಎರಡು ವಾರ ಕಾದೆ, ಜವಾಬಿಲ್ಲ. ಏನಾತೋ ಯಪ್ಪಾ ಅಂತ ಹೋಗಿ ಭುಜಾ ಅಲಗಾಡಿಸಿದ್ರ ಬರೇ ಹುಲ್ಲು! ಹುಲ್ಲಿಗೆ ಇಂಥಾ ಕೋಟು ಹಾಕಿ ಬಯಲಾಗ ಬಿಟ್ಟು ಹೋಗ್ತಾರೇನು? ಯಾರರ ಒಯ್ದಿದ್ರ?" ಆಮೇಲೆ ಡಬ್ಬಿಯನ್ನು ನನ್ನ ಕೈಗಿಡುತ್ತ, "ರೊಟ್ಟಿ ಕೆಟ್ಟು ಹೋಗ್ತಾವಂತ ನಾವ ತಿಂದೀವಿ ತಮ್ಮಾ. ನಿಮ್ಮವ್ವಗ ಹೇಳು, ಚಟ್ನಿಗೆ ಉಪ್ಪು ಸ್ವಲ್ಪ ಕಡಿಮಿ ಬಿದ್ದಿತ್ತು" ಎಂದಳು.

ಸಾಹೇಬರು ಆಕೆಯ ಮುಂದೆ ಕೋಟು ತೆಗೆದುಕೊಂಡು ಜೀಪು ಹತ್ತಿದರಷ್ಟೇ. ಆದರೆ ಕಚೇರಿಗೆ ಮರಳಿದ್ದೇ ಮಾಮಾನ ಮೇಲೆ ಒಂದು ಮೆಮೊ ಬರೆಸಿದರು. ಬರೆದವನು ನಾನೇ. ಅನುಮತಿಯಿಲ್ಲದೆ ಮೇಲಧಿಕಾರಿಯ ಕೋಟು ಒಯ್ದು ಬೊಂಬೆಗೆ ತೊಡಿಸಿದ್ದು, ಆ ಬೊಂಬೆಯ ಮೂಲಕ ಸಾರ್ವಜನಿಕರ ಅರ್ಜಿ ಪಡೆದದ್ದು, ಹೀಗೆ ಎರಡು ಪುಟ. ಇದು ಅವರ ಫೈಲಿನಲ್ಲಿ ಕೂತರೆ ಪ್ಯಾಂಟ್ ಹಾಕುವ ದಿನ ಬರುವುದಿಲ್ಲ. ಮಾಮಾ ಮೆಮೊ ಕೇಳಿಸಿಕೊಂಡು, ಸಹಿ ಮಾಡಿ, "ಎಲ್ಲಾ ಖರೇನ ಬರದಾರ" ಎಂದರು. ಆಮೇಲೆ ಕೇಳಿದ್ದು ಒಂದೇ, "ಉಳಿದ ಹತ್ತು ಅರ್ಜಿ?"

ದಿನಾ ಬೆಳಿಗ್ಗೆ ಸಾಹೇಬರು ಜೀಪು ಹತ್ತುವಾಗ ಇದೇ ಪ್ರಶ್ನೆ. "ಸರ, ಉಳಿದ ಹತ್ತು?" ನಾಲ್ಕನೆಯ ದಿನ ಸಾಹೇಬರು ಸೋತು, ಅರ್ಜಿಗಳನ್ನು ತರಿಸಿ ಓದಿದರು. ಒಂದರಲ್ಲಿ, ನಾವು ಹಾಕಿಸಿದ ಒಡ್ಡು ಹೆಂಗಸರು ನೀರಿಗೆ ಹೋಗುವ ದಾರಿಗೆ ಅಡ್ಡ ಬಂದು ಮೂರು ಹೊಲ ಸುತ್ತಿ ಹೋಗಬೇಕಾಗಿದೆ ಎಂದಿತ್ತು. ಸಾಹೇಬರು ಅವತ್ತೇ ಹೋಗಿ ನೋಡಿದರು, ಒಡ್ಡು ಕಡಿಸಿ ದಾರಿ ಬಿಡಿಸಿದರು. ಬರುವಾಗ ಜೀಪಿನಲ್ಲಿ, "ಆ ರೈತ ಬೊಂಬೆ ಮುಂದೆ ಅರ್ಧ ಗಂಟೆ ಮಾತಾಡಿದ ಅಂದ್ಯಲ್ಲಯ್ಯಾ, ನಾನಾಗಿದ್ರೆ ಐದು ನಿಮಿಷಕ್ಕೆ ಕಳಿಸಿಬಿಡ್ತಿದ್ದೆ" ಎಂದರು. ಮಾಮಾ ರಸ್ತೆ ನೋಡುತ್ತ ಜೀಪು ಓಡಿಸಿದರು.

ತಿಂಗಳ ಕೊನೆಗೆ ಕಾಯಂ ಮಾಡುವವರ ಪಟ್ಟಿಗೆ ಕಾಗದಪತ್ರ ಜೋಡಿಸುವ ದಿನ ಬಂತು. ಸಾಹೇಬರು ಮಾಮಾನ ಫೈಲು ತಿರುವಿ ಹಾಕಿ ನನ್ನನ್ನು ಕರೆದರು.

"ಆ ಮೆಮೊ ಎಲ್ರೀ?"

ನಾನು ಹುಟ್ಟಿದಾಗಿನಿಂದ ಅಂಜುಬುರುಕ. ಆದರೂ ಬಾಯಿಂದ ಹೊರಟೇಬಿಟ್ಟಿತು. "ಸರ್, ಅದು ಜೀಪಿನಾಗಿತ್ರಿ. ಕಳುವಾತು."

ಸಾಹೇಬರು ಕನ್ನಡಕದ ಮೇಲಿಂದ ನನ್ನನ್ನು ಎಷ್ಟೋ ಹೊತ್ತು ನೋಡಿದರು. ಅವರ ಹೊಟ್ಟೆ ಮೊದಲು ಕುಲುಕಿತು, ಆಮೇಲೆ ಭುಜ. ಅವರು ನಗುವುದನ್ನು ಕಚೇರಿಯಲ್ಲಿ ಯಾರೂ ಕಂಡಿರಲಿಲ್ಲ. ಕಣ್ಣೊರೆಸಿಕೊಂಡು, "ಆ ಜೀಪಿಗೆ ಬಾಗಿಲಿಲ್ಲ ನೋಡಿ" ಎಂದು ಸಹಿ ಹಾಕಿದರು.

ಆದೇಶ ಎರಡು ತಿಂಗಳಿಗೆ ಬಂತು. ಕೊಡೋಣವೆಂದು ಹುಡುಕಿದರೆ ಮಾಮಾ ಎಲ್ಲೂ ಇಲ್ಲ. ಕಡೆಗೆ ನೋಡಿದರೆ ಕಚೇರಿಯ ಹಿಂದೆ ಜೀಪಿನ ಕೆಳಗಿನಿಂದ ಎರಡು ಕಾಲು ಕಾಣುತ್ತಿದ್ದವು. ಸೀಟುಗಳೆಲ್ಲ ಹೊರಗೆ ಬಿಸಿಲಲ್ಲಿ ಬಿದ್ದಿದ್ದವು. ಕರೆದೆ. ಮೈತುಂಬ ಗ್ರೀಸು ಬಳಿದುಕೊಂಡು ಹೊರಬಂದರು. ಆದೇಶ ಕೈಗಿಟ್ಟು, "ಕಾಯಂ ಆದ್ರಿ ಮಾಮಾ!" ಎಂದೆ. ಅದನ್ನು ಅಂಗಿಗೆ ತಾಗದಂತೆ ಎರಡು ಬೆರಳಲ್ಲಿ ಹಿಡಿದುಕೊಂಡರು. ಮುಖದಲ್ಲಿ ಸಂತೋಷವೇ ಇಲ್ಲ.

"ಇದೆಲ್ಲಾ ಖರೇ ಕಾರಕೂನ ಸಾಹೇಬ್ರ. ಆದ್ರ ನನ್ನ ಜೀಪಿನಾಗ ಇಟ್ಟ ಸರ್ಕಾರಿ ಕಾಗದ ಕಳುವಾತಂತಲ್ರೀ? ಸಾಹೇಬ್ರ ಬಾಯಾಗ ಇವತ್ತ ಕೇಳಿದೆ" ಎಂದರು. "ಮುಂಜಾನಿಂದ ಎಲ್ಲಾ ಬಿಚ್ಚಿ ಹುಡುಕಾಕತ್ತೇನಿ. ಆಯೀ ಮನಿಗೂ ಹೋಗಿ ಕೇಳಿ ಬಂದೆ. ಸಿಗವಲ್ದು."

ಆ ಮೆಮೊವನ್ನು ನಾನೇ ಎಂದೋ ಚಹಾದಂಗಡಿಯ ಒಲೆಗೆ ಹಾಕಿದ್ದೆ. ಹೇಳಲು ನನಗೆ ಬಾಯಿ ಬರಲಿಲ್ಲ, ಅಂದೂ ಬರಲಿಲ್ಲ, ಆಮೇಲೆ ಅವರ ಇಡೀ ಆಯುಷ್ಯದಲ್ಲೂ ಬರಲಿಲ್ಲ.

"ಹೋದ್ರ ಹೋಗ್ಲಿ ಬಿಡ್ರಿ ಮಾಮಾ" ಎಂದೆ.

"ಹಂಗ ಹೆಂಗ ಬಿಡಾಕ ಬರ್ತೈತ್ರಿ?" ಎಂದು ಕಾಯಂ ಆದೇಶವನ್ನು ನನ್ನ ಕೈಗೇ ವಾಪಸು ಕೊಟ್ಟು, "ಇದನ್ನೀಟು ಹಿಡೀರಿ" ಎಂದು ಮತ್ತೆ ಜೀಪಿನ ಕೆಳಗೆ ತೂರಿದರು.